ಹೂಕೋಸಿನ ಎಲೆಯೆಲ್ಲ ಜರಡಿಯಾಗಿದೆ: ಹುಳುವಿಗೆ ಔಷಧ ಹೊಡೆಯಲೇ, ಬೇಡವೇ?

ಹಿತ್ತಲಗಿಡ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಹಿತ್ತಲಿದೆ. ದಸರೆ ಮುಗಿದ ಮೇಲೆ ಅದರಲ್ಲಿ 22 ಹೂಕೋಸಿನ ಸಸಿ, 8 ಟೊಮ್ಯಾಟೊ, 6 ಬದನೆ ನೆಟ್ಟು, ಗೋಡೆಯ ಪಕ್ಕದ ಮಡಿಯಲ್ಲಿ ಪಾಲಕ್ ಬಿತ್ತಿದ್ದೆ. ಹತ್ತು ದಿನಗಳ ಹಿಂದಿನವರೆಗೆ ಎಲ್ಲವೂ ನೋಡುವವರ ಕಣ್ಣು ತಾಕುವಂತಿದ್ದವು, ಈಗ ಹೂಕೋಸಿನ ಎಲೆಗಳು ಜರಡಿಯಂತಾಗಿವೆ, ಪಾಲಕ್ ಮಡಿಯಲ್ಲಿ ಕೆಲವು ಕಡೆ ದಂಟು ಮಾತ್ರ ನಿಂತಿದೆ. ಸೋಪಿನ ನೀರು ಹೊಡೆದೆ, ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿ ಅರೆದು ಸೋಸಿ ಹೊಡೆದೆ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೊನೆಗೆ ಔಷಧದ ಅಂಗಡಿಗೆ ಹೋಗಿ ಕೇಳಿದರೆ, ಯಾವ ಬೆಳೆ, ಯಾವ ಹುಳು ಎಂದು ಒಂದು ಮಾತನ್ನೂ ಕೇಳದೆ ಒಂದು ಬಾಟಲಿ ಕೈಗಿಟ್ಟರು. ಅದರ ಮೇಲೆ ಕೆಂಪು ತ್ರಿಕೋನದ ಗುರುತಿದೆ. ಅತ್ತೆಯವರು ಅದನ್ನು ಮನೆಯೊಳಗೇ ತರಬೇಡ ಎಂದಿದ್ದಾರೆ, ನನ್ನ ಐದು ವರ್ಷದ ಮಗ ಟೊಮ್ಯಾಟೊವನ್ನು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸದವನು. ಹೊಡೆಯಲೇ, ಬೇಡವೇ?

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಅಕ್ಕಾ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿರಿ. ತಂದಿರುವುದನ್ನು ಒಂದು ಸಲ ಹೊಡೆಯಿರಿ, ಮೂರನೆಯ ದಿನಕ್ಕೆ ಹುಳುವೂ ಇರುವುದಿಲ್ಲ, ಈ ಪ್ರಶ್ನೆಯೂ ಇರುವುದಿಲ್ಲ. ನಾವು ಮೆಣಸಿನಕಾಯಿಗೆ ಹೊಡೆಯುತ್ತೇವೆ, ಅದನ್ನೇ ನೀವೆಲ್ಲ ಸಾರಿಗೆ ಹಾಕಿಕೊಂಡು ಉಣ್ಣುತ್ತೀರಿ. ಹಿತ್ತಲಿನ ನಾಲ್ಕು ಗಿಡಕ್ಕೆ ಬಂದಾಗ ಮಾತ್ರ ಎಲ್ಲರಿಗೂ ವಿಷದ ಚಿಂತೆ ಶುರುವಾಗುತ್ತದೆ.

ಎರಡನೇ ಮಹಡಿ (ಬಳ್ಳಾರಿ)

ದಯವಿಟ್ಟು ಹೊಡೆಯಬೇಡಿ. ಮೊದಲು ಹುಳುವಿನ ಫೋಟೊ ಹಾಕಿ.

ಹಿತ್ತಲಗಿಡ (ಬಳ್ಳಾರಿ)

ತೊಂದರೆ ಇರುವುದೇ ಅಲ್ಲಿ. ಹಗಲಿನಲ್ಲಿ ಹುಡುಕಿದರೆ ಪಾಲಕ್ ಮಡಿಯಲ್ಲಿ ಒಂದು ಹುಳುವೂ ಕಾಣುವುದಿಲ್ಲ.

ಹಳೆಯ ಮಾಸ್ತರ (ಕೊಪ್ಪಳ)

ಮೊದಲು ಬಾಟಲಿಯ ವಿಷಯ. ಕೀಟನಾಶಕದ ಚೀಟಿಯ ಮೇಲಿನ ತ್ರಿಕೋನಕ್ಕೆ ನಾಲ್ಕು ಬಣ್ಣಗಳಿವೆ: ಕೆಂಪು ಅತ್ಯಂತ ವಿಷಕಾರಿ, ಅದಕ್ಕಿಂತ ಕಡಿಮೆಯವು ಕ್ರಮವಾಗಿ ಹಳದಿ, ನೀಲಿ ಮತ್ತು ಹಸಿರು. ಗಿಡದಿಂದ ಕಿತ್ತು ತಿನ್ನುವ ಮಗುವಿರುವ ಮನೆಯಲ್ಲಿ ಕೆಂಪು ತ್ರಿಕೋನದ ಬಾಟಲಿಗೆ ಏನೂ ಕೆಲಸವಿಲ್ಲ. ಅದರ ಚೀಟಿಯಲ್ಲಿ ಯಾವ ಬೆಳೆಗೆ ಬಳಸಬೇಕು, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂದು ಬರೆದಿರುತ್ತದೆ, ಓದಿ ನೋಡಿ. ಹತ್ತಿಗೆ ಹೇಳಿದ್ದನ್ನು ಹೂಕೋಸಿಗೆ ಹೊಡೆಯುವಂತಿಲ್ಲ. ನಮ್ಮ ಹೊಲಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು, ಆದರೂ ಅದು ಎಷ್ಟೋ ವರ್ಷ ಬದನೆಕಾಯಿಯ ಮೇಲೆ ಬೀಳುತ್ತಲೇ ಇತ್ತು.

ಎರಡನೆಯದು, ನೀವು ಒಂದು ಹುಳುವಿನ ಬಗ್ಗೆ ಕೇಳುತ್ತಿದ್ದೀರಿ, ನನಗೆ ಕನಿಷ್ಠ ಎರಡರ ಅನುಮಾನವಿದೆ. ಹಗಲಿನಲ್ಲಿ ಕಾಣದ ಹುಳುವನ್ನು ಹಗಲಿನಲ್ಲಿ ಹುಡುಕಬಾರದು. ಇವತ್ತು ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ. ಹೋಗುವ ಮುಂಚೆ, ಬೆಳಕಿರುವಾಗಲೇ ಎಲೆಗಳ ಮೇಲೆ ಹಿಕ್ಕೆ ಎಲ್ಲಿ ಬಿದ್ದಿದೆ ಎಂದು ಗುರುತು ಮಾಡಿಕೊಳ್ಳಿ. ಹಸಿಯಾಗಿದ್ದು, ಬೆರಳಿಗೆ ಹಸಿರು ಬಣ್ಣ ಹತ್ತಿದರೆ ಹುಳು ಅಲ್ಲೇ ಮೇಲಿನ ಎಲೆಯಲ್ಲಿರುತ್ತದೆ. ಒಣಗಿ ಪುಡಿಯಾಗುವಂತಿದ್ದರೆ ಅದು ಊಟ ಮುಗಿಸಿ ಬೇರೆ ಕಡೆ ಹೋಗಿದೆ. ಹೂಕೋಸಿನ ಎಲೆಯನ್ನು ಮಗುಚಿ ಅಡಿಭಾಗ ನೋಡಿ. ಬದನೆಯಲ್ಲಿ ಯಾವುದಾದರೂ ಕುಡಿ ಬಾಡಿದೆಯೇ? ಟೊಮ್ಯಾಟೊ ಕಾಯಿಯಲ್ಲಿ ತೂತಿದೆಯೇ? ಇಷ್ಟನ್ನು ನೋಡಿ ಬರೆಯಿರಿ.

ಬೇವಿನಕಟ್ಟೆ (ರಾಯಚೂರು)

ಮಾಸ್ತರರು ನೋಡುವುದನ್ನು ಹೇಳಿದ್ದಾರೆ, ನಾನು ಮಾಡುವುದನ್ನು ಹೇಳುತ್ತೇನೆ. ಬೇವಿನ ಎಣ್ಣೆ ತರಬೇಡಿ, ಬೇವಿನ ಬೀಜ ತನ್ನಿ. ನಮ್ಮ ರಾಯಚೂರಿನಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ರಸ್ತೆಯ ತುಂಬ ಬೇವಿನಹಣ್ಣು ಬಿದ್ದು ಚಪ್ಪಲಿಗೆ ಅಂಟುತ್ತದೆ, ಆಗಲೇ ಆರಿಸಿ, ಸಿಪ್ಪೆ ತೆಗೆದು ನೆರಳಿನಲ್ಲಿ ಒಣಗಿಸಿಡಬೇಕು. 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ. ಮರುದಿನ ಗಂಟನ್ನು ನೀರಿನಲ್ಲಿ ಹಿಂಡುತ್ತ ಹೋದರೆ ಹಾಲಿನಂತಹ ರಸ ಬಿಡುತ್ತದೆ. ಅದಕ್ಕೆ ಎಲೆಗೆ ಅಂಟಲೆಂದು ಚಿಟಿಕೆ ಸೋಪಿನ ಪುಡಿ ಕಲಸಿ, ಸೂರ್ಯ ಮುಳುಗುವ ಹೊತ್ತಿಗೆ ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ನಮ್ಮ ಊರಿನ ಬಿಸಿಲಿಗಂತೂ ಕೇಳುವುದೇ ಬೇಡ.

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಬೇವು ಹೊಡೆದು ಮರುದಿನ ನೋಡಿದರೆ ಹುಳು ಆರಾಮಾಗಿ ಕುಳಿತಿರುತ್ತದೆ. ನಾನೂ ಮಾಡಿ ಬಿಟ್ಟವನೇ.

ಬೇವಿನಕಟ್ಟೆ (ರಾಯಚೂರು)

ಅಣ್ಣಾ, ಕುಳಿತಿರುತ್ತದೆ ನಿಜ, ಆದರೆ ತಿನ್ನುತ್ತಿರುತ್ತದೆಯೇ ಎಂದು ನೋಡಿದಿರಾ? ಬೇವು ಹುಳುವನ್ನು ಆ ಕ್ಷಣಕ್ಕೆ ಕೆಡವುವ ವಿಷವಲ್ಲ. ಅದು ಎಲೆಯನ್ನು ಕಹಿ ಮಾಡಿ ಹುಳುವಿನ ಊಟ ಬಿಡಿಸುತ್ತದೆ, ಮತ್ತು ಹೊಟ್ಟೆಗೆ ಹೋದ ಹುಳು ಪೊರೆ ಬಿಡಲಾಗದಂತೆ ಮಾಡುತ್ತದೆ. ಸಣ್ಣ ಹುಳುವಿಗೆ ಇದು ಚೆನ್ನಾಗಿ ನಾಟುತ್ತದೆ. ಬೆರಳುದ್ದ ಬೆಳೆದದ್ದಕ್ಕೆ ಹೊಡೆದು ಬೇವನ್ನು ಬೈದರೆ ಅದು ಬೇವಿನ ತಪ್ಪಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ ಎಣ್ಣೆ ನೀರಿನಲ್ಲಿ ಕಲಸುತ್ತಿಲ್ಲವೆಂದು ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ಧಾರಾಳವಾಗಿ ಸುರಿದು, ಅದೂ ಬೆಳಗಿನ ಹನ್ನೊಂದು ಗಂಟೆಗೆ, ಹೀರೆ ಬಳ್ಳಿಗೆ ಹೊಡೆದಿದ್ದೆ. ಸಂಜೆಯ ಹೊತ್ತಿಗೆ ಎಲೆಗಳ ಅಂಚು ಕರಿದ ಹಪ್ಪಳದಂತಾಗಿತ್ತು. ಹುಳು ತಿನ್ನುತ್ತಿದ್ದುದಕ್ಕಿಂತ ಹೆಚ್ಚು ಎಲೆಯನ್ನು ನಾನೊಬ್ಬನೇ ಕೊಂದಿದ್ದೆ.

ಶಕ್ತಿನಗರದ ಬಿಸಿಲು (ರಾಯಚೂರು)

ಬೂದಿ ಉದುರಿಸಿದರೆ ಸಾಕು, ನಮ್ಮಜ್ಜಿ ಅದನ್ನೇ ಮಾಡುತ್ತಿದ್ದರು.

ಪುಂಡಿಪಲ್ಯ (ಸಿಂಧನೂರು)

ನಿಮ್ಮಜ್ಜಿ ಉದುರಿಸುತ್ತಿದ್ದುದು ಒಲೆಯ ಕಟ್ಟಿಗೆ ಬೂದಿ. ನಿಮ್ಮ ಊರಿನ ಹೆಸರು ನೋಡಿ ಭಯವಾಗಿ ಹೇಳುತ್ತಿದ್ದೇನೆ, ವಿದ್ಯುತ್ ಸ್ಥಾವರದ ಕಲ್ಲಿದ್ದಲ ಹಾರುಬೂದಿಯನ್ನು ಯಾರೂ ಪಾಲಕ್ ಮೇಲೆ ಉದುರಿಸಬೇಡಿ. ಕಟ್ಟಿಗೆ ಬೂದಿಯಾದರೂ ಬೆಳಗಿನ ಮಂಜಿನ ಹನಿ ಇರುವಾಗ ಉದುರಿಸಿದರಷ್ಟೇ ಎಲೆಗೆ ಹಿಡಿಯುತ್ತದೆ, ಮೇಲಿಂದ ನೀರು ಹಾಕಿದೊಡನೆ ತೊಳೆದುಹೋಗುತ್ತದೆ.

ಹಿತ್ತಲಗಿಡ (ಬಳ್ಳಾರಿ)

ಮಾಸ್ತರರೇ, ನಿನ್ನೆ ರಾತ್ರಿ ನೋಡಿದೆ. ಈಗಲೂ ಮೈ ಜುಮ್ಮೆನ್ನುತ್ತಿದೆ.

ಪಾಲಕ್ ಮಡಿಯಲ್ಲಿ ಕಿರುಬೆರಳಿನಷ್ಟು ಉದ್ದದ, ಕಂದು ಮಿಶ್ರಿತ ಹಸಿರು ಬಣ್ಣದ, ಮೈಯ ಇಕ್ಕೆಲದಲ್ಲೂ ಕಪ್ಪು ಚುಕ್ಕೆಗಳಿರುವ ಹುಳುಗಳು ಎಲೆಯ ಅಂಚಿಗೆ ಕುಳಿತು ತಿನ್ನುತ್ತಿದ್ದವು. ಮುಟ್ಟಿದೊಡನೆ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಕೆಳಗೆ ಬಿದ್ದವು. ಇಕ್ಕಳದಿಂದ ಹಿಡಿದು ಸೋಪಿನ ನೀರಿನ ಡಬ್ಬಿಗೆ ಹಾಕುತ್ತ ಎಣಿಸಿದೆ, 41. ಬೆಳಿಗ್ಗೆ ಅದೇ ಜಾಗದಲ್ಲಿ ಹೆಂಟೆಗಳನ್ನು ಎತ್ತಿ ನೋಡಿದರೆ ಅಡಿಯಲ್ಲಿ ಇನ್ನೂ ಆರು ಮಲಗಿದ್ದವು.

ಹೂಕೋಸಿನಲ್ಲಿ ಇರುವುದು ಬೇರೆಯೇ. ಅಕ್ಕಿಕಾಳಿಗಿಂತ ತುಸು ಉದ್ದ, ತಿಳಿಹಸಿರು, ಎರಡೂ ತುದಿ ಚೂಪು. ಮುಟ್ಟಿದರೆ ಹಿಂದಕ್ಕೆ ಚಡಪಡಿಸಿ, ಎಳೆಯೊಂದನ್ನು ಬಿಟ್ಟುಕೊಂಡು ಗಾಳಿಯಲ್ಲಿ ನೇತಾಡುತ್ತದೆ. ಕೆಲವು ಕಡೆ ತೂತಿಲ್ಲ, ಎಲೆಯ ಮೇಲ್ಪೊರೆ ಮಾತ್ರ ಉಳಿದು ಎಣ್ಣೆ ಕಾಗದದಂತೆ ಬೆಳಕು ಕಾಣುತ್ತದೆ. ಬದನೆಯ ಎರಡು ಗಿಡಗಳಲ್ಲಿ ಕುಡಿ ಬಾಡಿದೆ. ಒಂದು ಹಸಿರು ಟೊಮ್ಯಾಟೊದಲ್ಲಿ ಗುಂಡನೆಯ ತೂತಿದೆ, ಹುಳುವಿನ ಅರ್ಧ ಮೈ ಹೊರಗಿತ್ತು.

ಹಳೆಯ ಮಾಸ್ತರ (ಕೊಪ್ಪಳ)

ನನ್ನ ಅನುಮಾನ ಎರಡಿತ್ತು, ನಿಮ್ಮಲ್ಲಿ ನಾಲ್ಕು ಸಿಕ್ಕಿವೆ.

ಪಾಲಕ್ಕಿನಲ್ಲಿರುವುದು ತಂಬಾಕಿನ ಎಲೆ ತಿನ್ನುವ ಹುಳು. ಹೆಸರು ತಂಬಾಕಿನದಾದರೂ ಅದು ತಿನ್ನದ ಗಿಡ ಹುಡುಕುವುದೇ ಕಷ್ಟ: ಮೆಣಸಿನಕಾಯಿ, ಹತ್ತಿ, ಶೇಂಗಾ, ಔಡಲ ಯಾವುದೂ ಅದಕ್ಕೆ ಬೇಡವಿಲ್ಲ. ಇದರ ತಾಯಿ ಪತಂಗ ಎಲೆಯ ಮೇಲೆ ನೂರಾರು ಮೊಟ್ಟೆಗಳನ್ನು ಒಂದೇ ಕಡೆ ಇಟ್ಟು, ತನ್ನ ಮೈಯ ಕಂದು ರೋಮದಿಂದ ಮುಚ್ಚುತ್ತದೆ. ನೋಡಲು ಉಣ್ಣೆಯ ಚೂರು ಅಂಟಿದಂತಿರುತ್ತದೆ. ಆ ಒಂದು ಎಲೆಯನ್ನು ಕಿತ್ತರೆ ನೂರಾರು ಹುಳುಗಳನ್ನು ಆರಿಸುವ ಕೆಲಸ ತಪ್ಪುತ್ತದೆ. ಮರಿಗಳು ಮೊದಲ ಕೆಲವು ದಿನ ಗುಂಪಾಗಿ ಒಂದೇ ಎಲೆಯನ್ನು ಕೆರೆದು ತಿನ್ನುತ್ತವೆ, ಬೆಳೆದ ಮೇಲೆ ಚದುರಿ, ಹಗಲು ಮಣ್ಣಿನಲ್ಲಿ ಅಡಗಿ ರಾತ್ರಿ ಬರುತ್ತವೆ.

ಹೂಕೋಸಿನದು ವಜ್ರಬೆನ್ನಿನ ಪತಂಗದ ಮರಿ. ರೆಕ್ಕೆ ಮಡಿಚಿ ಕುಳಿತಾಗ ಪತಂಗದ ಬೆನ್ನ ಮೇಲೆ ಬಿಳಿಯ ಹರಳುಗಳ ಸಾಲು ಕಾಣುತ್ತದೆಂದು ಆ ಹೆಸರು. ಗಾತ್ರ ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ. ಔಷಧಕ್ಕೆ ಬಗ್ಗದಿರುವುದರಲ್ಲಿ ಇದರಷ್ಟು ಹಟಮಾರಿ ಹುಳು ಕಡಿಮೆ. ಜಾವಾ ದ್ವೀಪದಲ್ಲಿ 1953ರಲ್ಲೇ ಡಿಡಿಟಿಗೆ ಸಾಯದ ಪೀಳಿಗೆ ವರದಿಯಾಗಿತ್ತು. ಅಂಗಡಿಯ ಬಾಟಲಿ ಮೂರನೆಯ ದಿನಕ್ಕೆ ಎಲ್ಲವನ್ನೂ ಮುಗಿಸುತ್ತದೆ ಎಂಬ ಮಾತು ಈ ಹುಳುವಿನ ಮುಂದೆ ನಡೆಯುವುದಿಲ್ಲ.

ಟೊಮ್ಯಾಟೊದ ತೂತು ಕಾಯಿಕೊರಕದ್ದು, ನಮ್ಮ ತೊಗರಿ ಮತ್ತು ಕಡಲೆಯನ್ನು ತಿನ್ನುವುದೂ ಅದೇ. ಬದನೆಯ ಬಾಡಿದ ಕುಡಿಯಲ್ಲಿ ಕುಡಿ ಮತ್ತು ಕಾಯಿಕೊರಕ ಹುಳು ಒಳಗೆ ಕುಳಿತಿದೆ. ಅದಕ್ಕೆ ಹೊರಗಿನಿಂದ ಏನು ಹೊಡೆದರೂ ತಲುಪುವುದಿಲ್ಲ.

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಬದನೆ ಕುಡಿ ಬಾಡಿದ್ದು ನೀರಿಲ್ಲದೆ ಇರಬಹುದು ಮಾಸ್ತರರೇ, ಬಳ್ಳಾರಿಯಲ್ಲಿ ನಳದ ನೀರು ಯಾವಾಗ ಬರುತ್ತದೆ ಎಂದು ಬಳ್ಳಾರಿಯವರಿಗೇ ತಿಳಿಯದು.

ಹಳೆಯ ಮಾಸ್ತರ (ಕೊಪ್ಪಳ)

ನೀರಿಲ್ಲದಿದ್ದರೆ ಇಡೀ ಗಿಡ ಜೋತುಬೀಳುತ್ತದೆ, ಸಂಜೆ ನೀರು ಕಂಡರೆ ಎದ್ದು ನಿಲ್ಲುತ್ತದೆ. ಪಕ್ಕದ ಕುಡಿಗಳೆಲ್ಲ ನೆಟ್ಟಗಿದ್ದು ಒಂದೇ ಕುಡಿ ತಲೆ ಬಾಗಿಸಿದ್ದರೆ ಅದು ಹುಳು. ಬ್ಲೇಡಿನಿಂದ ಕುಡಿಯನ್ನು ಉದ್ದಕ್ಕೆ ಸೀಳಿ ನೋಡಲಿ, ವಾದವೇ ಬೇಡ.

ಹಿತ್ತಲಗಿಡ (ಬಳ್ಳಾರಿ)

ಸೀಳಿದೆ. ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಸೂಜಿ ಚುಚ್ಚಿದಂತಹ ತೂತು, ಅದರ ಬಾಯಿಗೆ ಹಿಕ್ಕೆಯ ಬಿರಡೆ. ಒಳಗೆ ದಂಟು ಪೊಳ್ಳಾಗಿ ನಸುಗೆಂಪು ಬಣ್ಣದ ಹುಳುವೊಂದು ತಲೆ ಕೆಳಗೆ ಮಾಡಿಕೊಂಡು ಕೊರೆಯುತ್ತಿತ್ತು. ಸಿರುಗುಪ್ಪದ ಅಣ್ಣನವರು ಕ್ಷಮಿಸಬೇಕು, ನಮ್ಮ ನಳದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ.

ಎರಡನೇ ಮಹಡಿ (ಬಳ್ಳಾರಿ)

ಕತ್ತರಿಸಿದ ಕುಡಿಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಹುಳು ಅಲ್ಲೇ ಬೆಳೆದು ಪತಂಗವಾಗಿ ಹಿಂತಿರುಗುತ್ತದೆ. ಹುಳು ಇರುವ ಜಾಗಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿ. ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಒಡೆಯುತ್ತದೆ.

ಹಸುವಿನ ಕೊಟ್ಟಿಗೆ (ಯಲಬುರ್ಗಾ)

ನಾಲ್ಕಕ್ಕೂ ಒಂದೇ ಮದ್ದಿದೆ, ಅಗ್ನಿಅಸ್ತ್ರ. ಗೋಮೂತ್ರದಲ್ಲಿ ಬೇವಿನಸೊಪ್ಪು, ಮೆಣಸಿನಕಾಯಿ, ಬೆಳ್ಳುಳ್ಳಿ, ತಂಬಾಕು ಕುದಿಸಿ ಸೋಸಿ ಹೊಡೆದರೆ ಯಾವ ಹುಳುವೂ ನಿಲ್ಲುವುದಿಲ್ಲ.

ಪುಂಡಿಪಲ್ಯ (ಸಿಂಧನೂರು)

ಬದನೆಯ ದಂಟಿನೊಳಗಿರುವುದಕ್ಕೆ ನಿಮ್ಮ ಅಸ್ತ್ರ ಹೇಗೆ ತಗುಲುತ್ತದೆ? ಅಲ್ಲದೆ ತಂಬಾಕಿನಲ್ಲಿರುವ ನಿಕೋಟಿನ್ ಕೂಡ ವಿಷವೇ. ಮನೆಯಲ್ಲಿ ಕುದಿಸಿದ ಮಾತ್ರಕ್ಕೆ ಅದು ಮಗುವಿಗೆ ಪಥ್ಯವಾಗುವುದಿಲ್ಲ. ನಾಳೆ ಕಿತ್ತು ತಿನ್ನುವ ಸೊಪ್ಪಿಗೆ ಇದನ್ನು ಹೊಡೆಯಿರಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಸುವಿನ ಕೊಟ್ಟಿಗೆ (ಯಲಬುರ್ಗಾ)

ತಂಬಾಕು ಬಿಟ್ಟೂ ಮಾಡಬಹುದು. ನಮ್ಮ ಅವರೆಗೆ ಗುಣ ಕಂಡಿದೆ, ಹೇಳಿದೆ.

ಮಾಳಿಗೆ ತೋಟ (ಗಂಗಾವತಿ)

ಬಿಟಿ ಎಂದು ಸಿಗುತ್ತದಲ್ಲ, ಬ್ಯಾಕ್ಟೀರಿಯದ ಪುಡಿ, ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ? ನಾನು ಎಲೆಕೋಸಿಗೆ ಅದನ್ನೇ ಬಳಸುತ್ತೇನೆ. ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ನೀರಿಗೆ ಕಲಸಿ ಸಂಜೆ ಹೊಡೆಯಬೇಕು. ಹುಳು ಎಲೆಯ ಜೊತೆಗೆ ಅದನ್ನು ತಿಂದರೆ ಸ್ವಲ್ಪ ಹೊತ್ತಿನಲ್ಲೇ ಮೇಯುವುದನ್ನು ನಿಲ್ಲಿಸುತ್ತದೆ, ಎರಡು ಮೂರು ದಿನದಲ್ಲಿ ಕಪ್ಪಾಗಿ ಸಾಯುತ್ತದೆ. ಜೇನುಹುಳುವಿಗೂ ನಮಗೂ ಅದರಿಂದ ತೊಂದರೆಯಿಲ್ಲ.

ರೇಷ್ಮೆಗೂಡು (ಕುಷ್ಟಗಿ)

ನಿಮಗೂ ಜೇನಿಗೂ ತೊಂದರೆಯಿಲ್ಲ, ನಮಗೆ ಇದೆ. ರೇಷ್ಮೆಹುಳುವೂ ಪತಂಗದ ಮರಿಯೇ ಅಲ್ಲವೇ? ಗಾಳಿಯಲ್ಲಿ ತೇಲಿ ಬಂದದ್ದು ಹಿಪ್ಪುನೇರಳೆ ಎಲೆಯ ಮೇಲೆ ಬಿದ್ದರೆ ನಮ್ಮ ತಟ್ಟೆಯಲ್ಲಿರುವ ಹುಳುಗಳು ಅದನ್ನು ತಿಂದು ನಿಮ್ಮ ಎಲೆಕೋಸಿನ ಹುಳುಗಳಂತೆಯೇ ಸಾಯುತ್ತವೆ. ಹತ್ತಿರದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ದಯವಿಟ್ಟು ಬಿಟಿಯ ಹೆಸರೆತ್ತಬೇಡಿ.

ಹಳೆಯ ಮಾಸ್ತರ (ಕೊಪ್ಪಳ)

ಕುಷ್ಟಗಿಯವರು ಹೇಳಿದ್ದು ಅಕ್ಷರಶಃ ನಿಜ. 1901ರಲ್ಲಿ ಜಪಾನಿನಲ್ಲಿ ಈ ಬ್ಯಾಕ್ಟೀರಿಯ ಮೊದಲು ಪತ್ತೆಯಾದದ್ದೇ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಬಳ್ಳಾರಿ ನಗರದ ನಡುವಿನ ಹಿತ್ತಲಿಗೆ ಆ ಅಡ್ಡಿ ಇರಲಾರದು. ಆದರೆ ವಾರವಾರವೂ ಅದನ್ನೇ ಹೊಡೆಯುತ್ತಿದ್ದರೆ ವಜ್ರಬೆನ್ನಿನ ಹುಳು ಅದಕ್ಕೂ ಒಗ್ಗಿಕೊಳ್ಳುತ್ತದೆ, ಹೊಲದಲ್ಲಿ ಬಿಟಿಯನ್ನು ಜಯಿಸಿದ ಮೊದಲ ಕೀಟವೂ ಇದೇ. ಬೇವಿನ ಕಷಾಯ ಮತ್ತು ಬಿಟಿಯನ್ನು ಅದಲುಬದಲು ಮಾಡಿ.

ಹೂಕೋಸಿನ ನಡುವೆ ಸಾಸಿವೆ ಬಿತ್ತುವುದನ್ನೂ ಮರೆಯಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 25 ಸಾಲು ಎಲೆಕೋಸಿಗೆ ಒಂದು ಜೋಡಿ ಸಾಲು ಸಾಸಿವೆ ಹೇಳುತ್ತಾರೆ: ಒಂದು ಸಾಲನ್ನು ಕೋಸು ನೆಡುವುದಕ್ಕೆ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನದ ಮೇಲೆ ಬಿತ್ತಬೇಕು. ಪತಂಗಕ್ಕೆ ಕೋಸಿಗಿಂತ ಸಾಸಿವೆಯ ಮೇಲೆ ಮೊಟ್ಟೆ ಇಡುವುದು ಇಷ್ಟ. ನಿಮ್ಮ 22 ಗಿಡಕ್ಕೆ ಅಡುಗೆಮನೆಯ ಸಾಸಿವೆ ಡಬ್ಬಿಯಿಂದ ಒಂದು ಚಿಟಿಕೆ ಸಾಕು. ಸಾಸಿವೆಯಲ್ಲಿ ಹುಳು ಕಂಡಾಗ ಗಿಡವನ್ನೇ ಕಿತ್ತು ಮುಳುಗಿಸಬೇಕು, ಸುಮ್ಮನೆ ಬಿಟ್ಟರೆ ಹುಳುವಿಗೆ ಛತ್ರ ಕಟ್ಟಿಸಿಕೊಟ್ಟಂತಾಗುತ್ತದೆ.

ಮಾಳಿಗೆ ತೋಟ (ಗಂಗಾವತಿ)

ಬಲೆಯ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದನ್ನು ಹೇಳುತ್ತೇನೆ, ಬೇರೆಯವರಿಗೆ ಆಗದಿರಲಿ. ಕಳೆದ ವರ್ಷ ಹಳೆಯ ಸೊಳ್ಳೆಪರದೆಯನ್ನು ಬಿದಿರಿನ ಗೂಟಗಳ ಮೇಲೆ ಹೊದಿಸಿ, ಅಂಚಿಗೆ ಇಟ್ಟಿಗೆ ಪೇರಿಸಿ, ಇನ್ನು ಯಾವ ಪತಂಗವೂ ಒಳಗೆ ಬರಲಾರದು ಎಂದು ನಿಶ್ಚಿಂತೆಯಿಂದಿದ್ದೆ. ಮೂರನೆಯ ವಾರ ನೋಡಿದರೆ ಪರದೆಯ ಒಳಗಡೆ ಹತ್ತಾರು ಪತಂಗಗಳು ಹಾರಾಡುತ್ತಿವೆ! ಹಿಂದಿನ ಬೆಳೆಯ ಮಣ್ಣನ್ನು ಹಾಗೆಯೇ ಕುಂಡಗಳಿಗೆ ತುಂಬಿದ್ದೆ, ಅದರಲ್ಲಿ ಕೋಶಗಳು ಮಲಗಿದ್ದವು. ಹಕ್ಕಿ, ಕಣಜ ಯಾವುದೂ ಮುಟ್ಟದಂತೆ ನಾನೇ ಅವುಗಳಿಗೆ ಕಾವಲು ಕಾದಿದ್ದೆ. ಈಗ ಪ್ರತಿ ಬೇಸಿಗೆಯಲ್ಲಿ ಕುಂಡದ ಮಣ್ಣನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರಡಿ ಎಂಟು ದಿನ ಒಣಗಿಸುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿನಿಂದ ಆಗುವ ಉಪಕಾರ ಇದೊಂದೇ. ಒಣಗುವಾಗ ಗೊರವಂಕಗಳು ಬಂದು ಕಂದು ಕೋಶಗಳನ್ನು ಹೆಕ್ಕುವುದನ್ನು ನೋಡಬೇಕು.

ಇನ್ನೊಂದು ಮಾತು, ಹೀರೆ, ಹಾಗಲ, ಸೌತೆಗೆ ಹೂ ಬಂದ ಮೇಲೆ ಪರದೆ ತೆಗೆಯಲೇಬೇಕು. ಜೇನು ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ಹೂಕೋಸು, ಪಾಲಕ್ಕಿಗೆ ಆ ತೊಂದರೆಯಿಲ್ಲ.

ಪುಂಡಿಪಲ್ಯ (ಸಿಂಧನೂರು)

ಕಣಜ ಎಂದಿರಿ, ನೆನಪಾಯಿತು. ನಮ್ಮ ಕಿಟಕಿಯ ಚೌಕಟ್ಟಿನಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟುತ್ತಿತ್ತು, ಅಸಹ್ಯವೆಂದು ಪ್ರತಿ ಸಲ ಒಡೆದು ಹಾಕುತ್ತಿದ್ದೆ. ಒಮ್ಮೆ ಒಡೆದಾಗ ಒಳಗಿಂದ ಏಳೆಂಟು ಹಸಿರು ಹುಳುಗಳು ಉದುರಿದವು. ಸತ್ತಿರಲಿಲ್ಲ, ಕಡ್ಡಿಯಿಂದ ಮುಟ್ಟಿದರೆ ಒಂದಿಷ್ಟು ಮಿಸುಕುತ್ತಿದ್ದವು, ಓಡಲಾರವು. ತನ್ನ ಮರಿಗೆ ಊಟವಾಗಲೆಂದು ತಾಯಿ ಕಣಜ ಅವುಗಳನ್ನು ಕುಟುಕಿ, ಜಡಗೊಳಿಸಿ ತುಂಬಿಟ್ಟಿತ್ತು. ಅಂದಿನಿಂದ ಗೂಡಿಗೆ ಕೈ ಹಚ್ಚಿಲ್ಲ. ಕೆಂಪು ತ್ರಿಕೋನದ ಔಷಧ ಹೊಡೆದರೆ ಮೊದಲು ಸಾಯುವುದು ಇಂತಹವೇ.

ಎರಡನೇ ಮಹಡಿ (ಬಳ್ಳಾರಿ)

ಇದನ್ನೂ ಕೇಳಿಬಿಡುತ್ತೇನೆ. ನನ್ನ ಕರಿಬೇವಿನ ಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹದ್ದು ಬಿದ್ದಿತ್ತು. ಒರೆಸಲು ಹೋದರೆ ಅದು ನಡೆಯಿತು! ಇದು ಯಾವ ಹುಳು?

ಹಳೆಯ ಮಾಸ್ತರ (ಕೊಪ್ಪಳ)

ಅದು ನಿಂಬೆ ಜಾತಿಯ ಗಿಡಗಳ ಚಿಟ್ಟೆಯ ಮರಿ. ಹಕ್ಕಿಗಳ ಕಣ್ಣಿಗೆ ಮಣ್ಣೆರಚಲು ಚಿಕ್ಕದಿರುವಾಗ ಆ ವೇಷ, ದೊಡ್ಡದಾದ ಮೇಲೆ ಎಲೆಹಸಿರು ಬಣ್ಣ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬಿನಂತಹದ್ದನ್ನು ಹೊರಚಾಚಿ ವಾಸನೆ ಬಿಡುತ್ತದೆ. ಗಿಡ ಆಳೆತ್ತರ ಇದ್ದರೆ ನಾಲ್ಕೈದು ಹುಳುಗಳನ್ನು ಬಿಡಿ, ಹೊಸ ಚಿಗುರು ಬರುತ್ತದೆ. ಗೇಣುದ್ದದ ಸಸಿಯಾದರೆ ಎತ್ತಿ ಬೇರೆ ದೊಡ್ಡ ಗಿಡಕ್ಕೆ ಬಿಡಿ.

ರೇಷ್ಮೆಗೂಡು (ಕುಷ್ಟಗಿ)

ನುಗ್ಗೆಯ ಕಂಬಳಿಹುಳುವಿಗೆ ಮಾತ್ರ ಈ ದಯೆ ತೋರಿಸಬೇಡಿ. ಹಗಲು ಕಾಂಡದ ಮೇಲೆ ಗುಂಪಾಗಿ ಕೂತಿರುತ್ತವೆ, ಮೈಗೆ ತಾಗಿದರೆ ಎರಡು ದಿನ ತುರಿಕೆ. ಅವು ಗುಂಪಾಗಿರುವಾಗಲೇ ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ಸುಡುವುದು ನಮ್ಮ ಕಡೆಯ ಪದ್ಧತಿ.

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಎಲ್ಲರ ಮಾತನ್ನೂ ಓದುತ್ತಿದ್ದೇನೆ. ನನಗೂ ಸ್ವಲ್ಪ ಹೇಳುವುದಿದೆ.

ನಾಲ್ಕು ಎಕರೆ ಮೆಣಸಿನಕಾಯಿಯಲ್ಲಿ ರಾತ್ರಿ ಟಾರ್ಚ್ ಹಿಡಿದು ಹುಳು ಆರಿಸು ಎಂದರೆ ನಾನು ಆರಿಸುತ್ತಿರುವಾಗಲೇ ಬೆಳೆ ಮುಗಿದಿರುತ್ತದೆ. ಸಾಲ ಕೊಟ್ಟವನು ಕಣಜದ ಕತೆ ಕೇಳುವುದಿಲ್ಲ. ಹಿತ್ತಲಿನ ಲೆಕ್ಕದಲ್ಲಿ ಹೊಲದವರನ್ನು ತೂಗಬೇಡಿರಿ ಎಂಬುದಷ್ಟೇ ನನ್ನ ಮಾತು. ಆದರೆ ಮಾಸ್ತರರು ಹೇಳಿದ ಹಟಮಾರಿತನ ಸುಳ್ಳಲ್ಲ. ಮೊದಲು ಒಂದು ಸಲ ಹೊಡೆದರೆ ಹೋಗುತ್ತಿದ್ದ ಕೀಡಿ ಈಗ ಮೂರು ಸಲ ಹೊಡೆದರೂ ಹೋಗುವುದಿಲ್ಲ, ಔಷಧದ ಖರ್ಚು ಮಾತ್ರ ಏರುತ್ತಿದೆ.

ನಮ್ಮಪ್ಪ ತೊಗರಿಯಲ್ಲಿ ಹುಳು ಬಿದ್ದಾಗ ಗಿಡದ ಬುಡಕ್ಕೆ ಹಳೆಯ ಪತ್ತಲ ಹಾಸಿ ಗಿಡ ಅಲ್ಲಾಡಿಸುತ್ತಿದ್ದರು, ಉದುರಿದವು ಕೋಳಿಗಳ ಪಾಲಾಗುತ್ತಿದ್ದವು. ಈಗಲೂ ಹೊಲದ ಬದುವಿಗೆ ನಾನು ಔಡಲ ಹಾಕುತ್ತೇನೆ, ಅಕ್ಕನವರ ಪಾಲಕ್ಕಿನಲ್ಲಿ ಸಿಕ್ಕ ಹುಳುವಿನ ತಾಯಿ ಮೊಟ್ಟೆ ಇಡಲು ಮೊದಲು ಔಡಲದ ಅಗಲ ಎಲೆಗೇ ಬರುತ್ತದೆ. ಎಲೆ ಕಿತ್ತು ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಮನೆಯ ಊಟಕ್ಕೆಂದು ಬಾವಿಯ ಪಕ್ಕ ಎರಡು ಮಡಿ ಬದನೆ, ಮೆಣಸಿನಕಾಯಿ ಬೇರೆ ಹಾಕಿಕೊಂಡಿದ್ದೇವೆ, ಅದಕ್ಕೆ ಔಷಧ ಹೊಡೆಯುವುದಿಲ್ಲ.

ಪುಂಡಿಪಲ್ಯ (ಸಿಂಧನೂರು)

ಹಾಗಾದರೆ ಮೊದಲ ದಿನ ಅಕ್ಕನವರಿಗೆ ಹೊಡೆಯಿರಿ ಎಂದದ್ದು ಯಾಕೆ?

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಅವಸರದಲ್ಲಿ ಅಂದೆ. ಮಗು ಗಿಡದಿಂದಲೇ ಕಿತ್ತು ತಿನ್ನುತ್ತದೆ ಎಂದು ಬರೆದಿದ್ದನ್ನು ಆಮೇಲೆ ಓದಿದೆ.

ಹಿತ್ತಲಗಿಡ (ಬಳ್ಳಾರಿ)

ಹನ್ನೆರಡು ದಿನಗಳ ಮೇಲೆ ಬರೆಯುತ್ತಿದ್ದೇನೆ. ಮೊದಲ ರಾತ್ರಿ 41 ಸಿಕ್ಕಿದ್ದವು, ಎರಡನೆಯ ರಾತ್ರಿ 26, ಮೂರನೆಯ ರಾತ್ರಿ 19. ನಡುವೆ ಒಂದು ಮದುವೆಗೆ ಹೋಗಿ ಎರಡು ರಾತ್ರಿ ಬಿಟ್ಟಿದ್ದಕ್ಕೆ ಮತ್ತೆ 23ಕ್ಕೆ ಏರಿತು. ಈಗ ದಿನಕ್ಕೆ ನಾಲ್ಕೈದು. ಉಣ್ಣೆಯ ಚೂರಿನಂತಹ ಮೊಟ್ಟೆಯ ಗಂಟು ಮೂರು ಕಡೆ ಸಿಕ್ಕವು. ಅದರಲ್ಲಿ ಒಂದು ಪಾಲಕ್ಕಿನಲ್ಲಿ ಅಲ್ಲ, ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಸೀಟಿನ ಅಡಿಯಲ್ಲಿತ್ತು, ಮಗ ತೋರಿಸಿದ. ಟಾರ್ಚ್ ಹಿಡಿಯುವ ಕೆಲಸ ಅವನದು, ಎಣಿಸುವುದೂ ಅವನೇ, ಇಪ್ಪತ್ತರ ಮೇಲೆ ಲೆಕ್ಕ ತಪ್ಪುತ್ತಿದ್ದುದರಿಂದ ಮೊದಲ ದಿನಗಳ ಸಂಖ್ಯೆ ಮಾತ್ರ ನನ್ನದು.

ಹೂಕೋಸಿಗೆ ಬೇವಿನ ಕಷಾಯ ಎರಡು ಸಲ, ಬಿಟಿ ಒಂದು ಸಲ ಹೊಡೆದೆ. ಬೀಜ ಇಲ್ಲಿ ಸಿಗದೆ ರಾಯಚೂರಿನ ಸಂಬಂಧಿಕರಿಂದ ತರಿಸಿದೆ. 22ರಲ್ಲಿ ನಾಲ್ಕು ಗಿಡಗಳ ಸುಳಿಯನ್ನೇ ತಿಂದಿದ್ದರಿಂದ ಅವು ಹೂ ಕಟ್ಟುವ ಲಕ್ಷಣವಿಲ್ಲ, ಕಿತ್ತು ಆ ಜಾಗಕ್ಕೆ ಸಾಸಿವೆ ಬಿತ್ತಿದ್ದೇನೆ. ಬದನೆಯ ಕುಡಿಗಳನ್ನು ಕತ್ತರಿಸಿದ ಕಡೆ ಚಿಗುರು ಒಡೆದಿದೆ. ಒಂದರಲ್ಲಿ ಮತ್ತೆ ಬಾಡಿದೆ, ಮತ್ತೆ ಕತ್ತರಿಸಬೇಕು.

ಅಂಗಡಿಯವರು ಬಾಟಲಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಜ್ಜೆಯ ಮೇಲಿಟ್ಟಿದ್ದೇನೆ. ಏನು ಮಾಡಬೇಕೋ ತಿಳಿಯದು.

ನಿನ್ನೆ ಒಂದು ವಿಚಿತ್ರ ಕಂಡಿತು. ಪಾಲಕ್ ಎಲೆಯ ಅಡಿಯಲ್ಲಿ ಒಂದು ಹುಳು ಅಲ್ಲಾಡದೆ ಕುಳಿತಿದೆ, ಅದರ ಪಕ್ಕದಲ್ಲಿ ಹತ್ತಿಯ ಎಳೆಯಿಂದ ಸುತ್ತಿದ ಅಕ್ಕಿಕಾಳಿನಂತಹ ಬಿಳಿ ಗೂಡು. ಇದನ್ನೂ ಡಬ್ಬಿಗೆ ಹಾಕಲೇ?

ಹಳೆಯ ಮಾಸ್ತರ (ಕೊಪ್ಪಳ)

ಮುಟ್ಟಬೇಡಿ! ಅದು ಪರಾವಲಂಬಿ ಕಣಜದ ಗೂಡು. ಹುಳುವಿನ ಮೈಯೊಳಗೆ ಬೆಳೆದ ಕಣಜದ ಮರಿ ಹೊರಬಂದು ಸುತ್ತಿಕೊಂಡದ್ದು. ಆ ಹುಳು ಇನ್ನು ಎಲೆ ತಿನ್ನುವುದಿಲ್ಲ, ಆ ಎಲೆಯನ್ನು ಇದ್ದಲ್ಲೇ ಬಿಡಿ. ಬಾಟಲಿಯನ್ನು ಚರಂಡಿಗೆ ಸುರಿಯಬೇಡಿ, ಬರಿದು ಮಾಡಿ ನೀರು ತುಂಬಿಡುವ ಕೆಲಸವಂತೂ ಬೇಡವೇ ಬೇಡ. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹೋಗುವಾಗ ಬದನೆಯ ಬಾಡಿದ ಕುಡಿಯನ್ನೂ ಒಂದು ಡಬ್ಬಿಯಲ್ಲಿ ಒಯ್ದು ತೋರಿಸಿ.

ಎರಡನೇ ಮಹಡಿ (ಬಳ್ಳಾರಿ)

ಬಿಳಿ ಗೂಡಿನ ಫೋಟೊ?

ಹಿತ್ತಲಗಿಡ (ಬಳ್ಳಾರಿ)

ರಾತ್ರಿ ತೆಗೆದದ್ದು ಮಸುಕಾಗಿದೆ, ಬೆಳಿಗ್ಗೆ ತೆಗೆದು ಹಾಕುತ್ತೇನೆ. ಆ ಗಿಡಕ್ಕೆ ಮಗ ಕೆಂಪು ದಾರ ಕಟ್ಟಿದ್ದಾನೆ.

ಮೆಣಸಿನಕಾಯಿ ಹೊಲ (ಸಿರುಗುಪ್ಪ)

ಅಕ್ಕಾ, ಸೋಮವಾರ ಬಳ್ಳಾರಿಗೆ ಬರುವವನಿದ್ದೇನೆ, ಒಂದು ಹಿಡಿ ಔಡಲ ಬೀಜ ತರುತ್ತೇನೆ, ಗೋಡೆಯ ಮೂಲೆಗೆ ಎರಡು ಊರಿರಿ. ಹುಡುಗನ ಕೈಗೆ ಮಾತ್ರ ಕೊಡಬೇಡಿರಿ, ನೋಡಲು ಚೆಂದವಿರುವ ಬೀಜ, ಅಗಿದು ನುಂಗಿದರೆ ಅದೂ ವಿಷವೇ.